ಕಾಕಾನ ಬಿಳಿ ತಾಟು

ದೆವ್ವ ಹಿಡಿದವರನ್ನು ನೀವು ನೋಡಿರಬಹುದು. ಆದರೆ ದೆವ್ವವನ್ನೇ ಹಿಡಿದು ತಂದು, ಬೆಂಚಿನ ಮೇಲೆ ಕೂಡಿಸಿ, ಆಟಕ್ಕೆ ಹಚ್ಚಿ, ಪ್ರತಿ ಸಲವೂ ಸೋಲಿಸಿ ಕಳಿಸುವವರನ್ನು ನೋಡಿರಲಿಕ್ಕಿಲ್ಲ. ಅಂಥವನೊಬ್ಬ ಬನಹಟ್ಟಿಯಲ್ಲಿದ್ದಾನೆ. ಹೇಳಿಕೊಳ್ಳಲು ನಾಚಿಕೆಯಾದರೂ ಹೇಳುತ್ತೇನೆ, ಅವನು ನನ್ನ ಸ್ವಂತ ಕಾಕಾ, ಅಪ್ಪನ ಬೆನ್ನಿಗೆ ಹುಟ್ಟಿದ ತಮ್ಮ.

ಆಟ ಯಾವುದೆಂದಿರಾ? ಡಿಸ್ಕ್ ಗಾಲ್ಫ್! ಕಾಕಾ ಇದನ್ನು ಮೊಬೈಲಿನಲ್ಲಿ ನೋಡಿದ. ಊಟದ ತಾಟಿನಂಥ ಪ್ಲಾಸ್ಟಿಕ್ ಡಿಸ್ಕು. ದೂರದಲ್ಲೊಂದು ಕಂಬ, ಕಂಬದ ಸುತ್ತ ಇಳಿಬಿಟ್ಟ ಸರಪಳಿ, ಕೆಳಗೊಂದು ಬುಟ್ಟಿ. ಬೀಸಿ ಒಗೆಯಬೇಕು, ಬಿದ್ದಲ್ಲಿಂದ ಮತ್ತೆ ಒಗೆಯಬೇಕು, ಸರಪಳಿಗೆ ಬಡಿದು ಬುಟ್ಟಿಗೆ ಬಿದ್ದರೆ ಆ ಕಂಬ ಮುಗಿಯಿತು. ಕಡಿಮೆ ಸಲ ಒಗೆದವನು ಗೆದ್ದ. ಕಾಕಾನಿಗೆ ಮೊದಲು ಇದು ನಂಬಿಕೆಯಾಗಲಿಲ್ಲ. ಲಾಳಿ ಎಷ್ಟು ಓಡಿದರೆ ಅಷ್ಟು ಕೂಲಿ ಎಂದು ಪವರ್‌ಲೂಮ್ ಶೆಡ್ಡಿನಲ್ಲಿ ನಲವತ್ತು ವರ್ಷ ದುಡಿದ ಮನುಷ್ಯ. “ಕಡಿಮಿ ಒಗದಾವ ಗೆದ್ದಂದ್ರ, ಇದು ಮಾಲಕರು ಹುಡುಕಿದ ಆಟ ಅಲ್ಲ ಬಿಡು” ಎಂದ.

ಅಪ್ಪ ತೀರಿಕೊಂಡ ಮೇಲೆ ಕಾಕಾನೂ ಶೆಡ್ಡು ಬಿಟ್ಟ. ಬಿಡುವಾಗ ಮುರಿದ ಮಗ್ಗಗಳ ಪೈಪು, ಸರಪಳಿ ಎಲ್ಲ ಬೇಡಿ ತಂದು, ವೆಲ್ಡಿಂಗ್ ಮಾಡಿಸಿ, ಓಣಿಯ ಪಾರ್ಕಿನಲ್ಲಿ ಒಂಬತ್ತು ಕಂಬ ನಿಲ್ಲಿಸಿಬಿಟ್ಟ. ಒಂದು ಬೇವಿನ ಗಿಡದ ಬುಡಕ್ಕೆ, ಒಂದು ಜೋಕಾಲಿಯ ಪಕ್ಕಕ್ಕೆ, ಕೊನೆಯದು ನೀರು ಕಾಣದ ಕಾರಂಜಿಯ ಆಚೆಗೆ. ಓಣಿಯ ಹುಡುಗರು ಒಂದು ತಿಂಗಳು ಆಡಿ, ಬೇಸರವಾಗಿ ಕ್ರಿಕೆಟ್ಟಿಗೆ ಮರಳಿದರು. ಉಳಿದವನು ಕಾಕಾ ಒಬ್ಬನೇ. ಡಿಸ್ಕು ಮಾತ್ರ ಎರಡು. ಕೆಂಪು ತಾಟು ಅವನದು. ಬಿಳಿಯದನ್ನು ಯಾರೂ ಮುಟ್ಟುವಂತಿಲ್ಲ. ಕಾಕಾನ ಹೆಂಡತಿ, ನಮ್ಮ ಚಿಗವ್ವ, ಒಮ್ಮೆ ಅದರಲ್ಲಿ ಶೇಂಗಾ ಒಣಹಾಕಲು ಹೋದಾಗ “ಇಡು ಅದನ್ನ, ಅದು ನಂದಲ್ಲ” ಎಂದನಂತೆ. ಮತ್ತೆ ಯಾರದು? ಅದನ್ನು ಹೇಳಲಿಲ್ಲ.

ನಮ್ಮೂರಲ್ಲಿ ದಿನವಿಡೀ ಮಗ್ಗದ ಖಟಖಟ. ಆ ಸದ್ದಿನಲ್ಲಿ ಕಾಕಾನ ಸರಪಳಿ ಯಾರಿಗೂ ಕೇಳುವುದಿಲ್ಲ. ಆದರೆ ಅಮಾವಾಸ್ಯೆಗೆ ಶೆಡ್ಡುಗಳೆಲ್ಲ ಬಂದ್. ಅವತ್ತು ಊರಿಗೆ ಊರೇ ಉಸಿರು ಹಿಡಿದು ಕೂತಂತಿರುತ್ತದೆ. ಅಂಥ ದಿನ, ಮುಸ್ಸಂಜೆಗೆ, ಪಾರ್ಕಿನ ಒಳಗಿಂದ ಝಲ್ ಎನ್ನುತ್ತದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಝಲ್.

ಇದನ್ನು ಮೊದಲು ಕೇಳಿದವರು ವಾಕಿಂಗಿಗೆ ಬಂದ ನಿವೃತ್ತ ಹೆಡ್‌ಮಾಸ್ತರರು. ದೆವ್ವಗಿವ್ವ ಎಲ್ಲ ಸುಳ್ಳು ಎಂದು ಊರೂರಿಗೆ ಭಾಷಣ ಮಾಡಿ ಶಾಲು ಹೊದಿಸಿಕೊಂಡವರು. ಬೇಲಿಯ ಸಂದಿನಿಂದ ಇಣುಕಿದರು. ಕಾಕಾ ಬಲಗೈಯಿಂದ ಕೆಂಪು ತಾಟು ಒಗೆದ. ಆಮೇಲೆ ಖಾಲಿ ಸಿಮೆಂಟ್ ಬೆಂಚಿನ ಕಡೆ ತಿರುಗಿ ಬೆರಳುಗಳನ್ನು ವಿಚಿತ್ರವಾಗಿ ಆಡಿಸಿದ. ತುಟಿ ಅಲ್ಲಾಡುತ್ತಿತ್ತು, ದನಿ ಇರಲಿಲ್ಲ. ಉತ್ತರ ಸಿಕ್ಕವನಂತೆ ತಲೆಯಾಡಿಸಿ, ಬಿಳಿ ತಾಟನ್ನು ಎಡಗೈಯಿಂದ ಒಗೆದ. ಹೆಡ್‌ಮಾಸ್ತರರು ಮನೆ ಮುಟ್ಟಿದಾಗ ಕಾಲಲ್ಲಿ ಒಂದೇ ಚಪ್ಪಲಿ ಇತ್ತು.

ಸುದ್ದಿ ಹಬ್ಬಲು ಎಷ್ಟು ಹೊತ್ತು? ಕಾಕಾನಿಗೆ ಗಾಳಿ ಬಡಿದಿದೆ ಎಂದರು ಕೆಲವರು. ಎಡಗೈ ಬಳಸುತ್ತಾನಾದ್ದರಿಂದ ಮಾಟವೇ ಎಂದರು ಉಳಿದವರು. ಎಡಗೈಯಿಂದ ಮಾಡುವುದೆಲ್ಲ ಮಾಟವಾದರೆ ನಾನು ಹುಟ್ಟಾ ಮಾಟಗಾತಿ! ನಾನೂ ಅಪ್ಪನ ಹಾಗೆ ಎಡಚಿ. ತುತ್ತು ಎತ್ತಿದ ಎಡಗೈಗೆ ಅವ್ವ ಕೊಟ್ಟ ಏಟುಗಳನ್ನು ಆ ಕೈ ಇನ್ನೂ ಮರೆತಿಲ್ಲ. ಚಿಗವ್ವ ಹೆದರಿ ಮೊದಲನೆಯ ಕಂಬಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ ಬಂದಳು. ಮರುದಿನ ನೋಡಿದರೆ ನಿಂಬೆಹಣ್ಣು ಮಾಯ. ದೆವ್ವವೇ ನುಂಗಿತೆಂದು ಅವಳು ಗೋಡೆಗೆ ಆತು ಕೂತರೆ, ಅಡುಗೆಮನೆಯಿಂದ ಕಾಕಾನ ದನಿ ಬಂತು: “ಅವಲಕ್ಕಿಗೆ ಹಿಂಡಕೊಂಡೆ ಬೇ. ರಸ ಛಲೋ ಇತ್ತು.”

ಕಡೆಗೆ ಪಾರ್ಕಿನ ಕಮಿಟಿ ಕೂತಿತು. ಅಧ್ಯಕ್ಷರು ಅದೇ ಹೆಡ್‌ಮಾಸ್ತರರು. ಬರುವ ಅಮಾವಾಸ್ಯೆಗೆ ಈ ಕಾಟ ನಿಲ್ಲದಿದ್ದರೆ ಮರುದಿನವೇ ಒಂಬತ್ತೂ ಕಂಬ ಕೊಯ್ಯಿಸುವುದೆಂದು ಠರಾವಾಯಿತು. ಮುಧೋಳದಲ್ಲಿ ಸಾಲಿ ಕಲಿಸುವ ನನಗೆ ಚಿಗವ್ವನ ಫೋನ್ ಬಂತು.

“ನಿನ್ನ ಮಾತ ಒಂದ ಕೇಳ್ತಾನವ್ವಾ. ಬಂದು ಬಿಡಸು. ಕಂಬ ಹ್ವಾದ್ರ ಹೋಗ್ಲಿ ಅನ್ನಾಕೂ ಬರವಲ್ದು. ಅಲ್ಲಿ ಹೋಗಿ ಬಂದ ಮ್ಯಾಲ ಒಂದೀಟು ಉಣ್ತಾನ. ಕಂಬ ಹ್ವಾದ್ರ ಆ ಮನಷ್ಯಾ ಉಳ್ಯಾಂಗಿಲ್ಲ.”

ಅಮಾವಾಸ್ಯೆಯ ದಿನ ಸಾಲಿ ಬಿಟ್ಟೊಡನೆ ಬಸ್ಸು ಹತ್ತಿದೆ. ಮಹಾಲಿಂಗಪುರದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕು, ಪಾರ್ಕು ಮುಟ್ಟುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಮಗ್ಗಗಳು ಸುಮ್ಮನಿದ್ದವು. ನಾನೇನು ಹೆದರುವವಳಲ್ಲ. ಆದರೂ ಗೇಟಿನಲ್ಲಿ ನಿಂತು ಚಪ್ಪಲಿಯ ಪಟ್ಟಿ ಬಿಗಿದುಕೊಂಡೆ.

ಗಾಳಿಯ ಸುಳಿವಿರಲಿಲ್ಲ, ಆದರೂ ಕೊನೆಯ ಕಂಬದ ಸರಪಳಿ ತೂಗಾಡುತ್ತಿತ್ತು. ಕಾರಂಜಿಯ ಬಳಿ ಕಾಕಾ ನನಗೆ ಬೆನ್ನು ಮಾಡಿ ನಿಂತಿದ್ದ. ಬೆಂಚಿನ ಕಡೆ ಕೈಚಾಚಿ ಎರಡು ಬೆರಳನ್ನು ಕತ್ತರಿಯ ಹಾಗೆ ಅಗಲಿಸಿದ. ಕಾದ. ತಲೆಯಾಡಿಸಿದ. ನಾನು ಸಪ್ಪಳವಿಲ್ಲದೆ ಹೋಗಿ ಆ ಬೆಂಚಿನ ತುದಿಗೆ ಕೂರಲು ಬಗ್ಗಿದೆ.

“ಅಲ್ಲಿ ಜಾಗಾ ಇಲ್ಲ” ಎಂದ, ತಿರುಗದೆ.

ನನ್ನ ಮೈಮೇಲಿನ ಕೂದಲೆಲ್ಲ ಎದ್ದು ನಿಂತವು. ಆದರೂ ಕೇಳಿದೆ: “ಕಾಕಾ, ಯಾರ ಜೋಡಿ ಮಾತಾಡಾಕತ್ತಿ?”

“ಮಾತೆಲ್ಲಿ ಆಡಾಕತ್ತೇನಿ? ಕೈ ಮಾಡಾಕತ್ತೇನಿ. ಮಗ್ಗ ಓಡುಮುಂದ ಒದರಿದ್ರೂ ಕೇಳಸ್ತೈತೇನು? ಹಿಂಗಂದ್ರ ನೂಲಿನ ಎಳಿ ಕಡದೈತಿ.” ಮತ್ತೆ ಎರಡು ಬೆರಳು ಅಗಲಿಸಿದ. ಹೆಬ್ಬೆರಳು ತೋರುಬೆರಳು ಕೂಡಿಸಿ ಹೊಸೆದ. “ಹಿಂಗಂದ್ರ ಕೂಡೇತಿ.” ಐದೂ ಬೆರಳು ಸೇರಿಸಿ ಬಾಯಿಗೆ ಒಯ್ದು ಗದ್ದ ಎತ್ತಿದ. “ಇದು, ಊಟ ಆತೇನು. ಮೂವತ್ತು ವರ್ಷ ನಿಮ್ಮಪ್ಪ ನನ್ನ ಎದರಿನ ಮಗ್ಗದಾಗ ಇದ್ದ. ಅಣ್ಣ-ತಮ್ಮ ಇದಕ್ಕಿಂತ ಹೆಚ್ಚಿಗಿ ಮಾತಾಡಿದವರಲ್ಲ ನಾವು.”

“ಮತ್ತ ಅಮಾಸಿ ದಿನಾನ ಯಾಕ?”

ಕಾಕಾ ನನ್ನನ್ನು ದಡ್ಡ ಹುಡುಗಿಯನ್ನು ನೋಡುವಂತೆ ನೋಡಿದ. “ಅವತ್ತ ಅಲ್ಲೇನು ಅವಂಗ ಸೂಟಿ?”

ನೇಕಾರರ ಮನೆಯಲ್ಲಿ ಹುಟ್ಟಿದ ನನಗೂ ಇದು ಹೊಳೆದಿರಲಿಲ್ಲ. ಊರೆಲ್ಲ ದೆವ್ವದ ದಿನವೆಂದು ಬಾಗಿಲು ಹಾಕಿಕೊಂಡಿದ್ದ ಅಮಾವಾಸ್ಯೆ, ಕಾಕಾನಿಗೆ ಅಣ್ಣನ ರಜೆಯ ದಿನ. ಅಪ್ಪ ಬದುಕಿದ್ದಾಗ ಆ ರಜೆಗಳನ್ನೆಲ್ಲ ಇಬ್ಬರೂ ಮಲಗಿ ಕಳೆದಿದ್ದರು. ಒಂದು ಆಟವನ್ನೂ ಕೂಡಿ ಆಡಿರಲಿಲ್ಲ.

“ನಾಳಿ ಕಂಬ ಕೊಯ್ತಾರಂತಲ್ಲ” ಎಂದ ಕಾಕಾ. “ಹದಿನಾಲ್ಕು ಅಮಾಸಿ ಆತು, ನಮ್ಮಣ್ಣ ಒಂದ ಆಟ ಗೆದ್ದಿಲ್ಲ. ಇವತ್ತು ಬಿಟ್ಟಕೊಟ್ಟು ಬಿಟ್ಟಕೊಟ್ಟು ಎಂಟು ಕಂಬಕ್ಕ ಸಮಾ ಮಾಡೇನಿ. ಕಡೀ ಕಂಬಕ್ಕ ನಂದು ಐದು ಸಲ ಆತು, ಇನ್ನ ಅವನ ಪಾಳಿ. ಏನ ಮಾಡ್ಲಿ ಯವ್ವಾ, ನನ್ನ ಎಡಗೈಗೆ ಅವನ ಕೈ ಬರವಲ್ದು.”

ಆಟ ಬಿಡಿಸಲು ಬಂದಿದ್ದ ನಾನು ಎಡಗೈ ಚಾಚಿದೆ. ಯಾರೂ ಮುಟ್ಟಬಾರದ ಬಿಳಿ ತಾಟನ್ನು ಕಾಕಾ ಸ್ವಲ್ಪ ಹೊತ್ತು ಹಿಡಿದೇ ಇದ್ದು, ಕೊಟ್ಟ.

ಮೊದಲನೆಯದು ಬೇಲಿಗೆ ಹೋಯಿತು. ಎರಡನೆಯದು ಕಾರಂಜಿಯೊಳಗೆ. ಮೂರನೆಯದು ಕಂಬದ ಹತ್ತಿರ ಬಂದು, ನನಗೇ ನಗು ಬರುವಂತೆ, ದಾಟಿ ಹೋಯಿತು. ನಾಲ್ಕನೆಯದನ್ನು ಒಗೆದಾಗ ಕತ್ತಲಲ್ಲಿ ತಾಟು ಕಾಣಲೇ ಇಲ್ಲ. ಇಬ್ಬರೂ ಕಿವಿಗೊಟ್ಟು ನಿಂತೆವು. ಊರಿನ ಒಂದು ಮಗ್ಗವೂ ಮಾತಾಡುತ್ತಿರಲಿಲ್ಲ.

ಝಲ್.

ಬೇಲಿಯ ಹಿಂದೆ ಯಾರೋ ಕೆಮ್ಮಿದರು. ಹೆಡ್‌ಮಾಸ್ತರರು! ಟಾರ್ಚು ಹಿಡಿದು ಹೊರಬಂದರು.

“ಹಂಗಾದ್ರ ಇದು ಆಟಾನ ಏನ್ರಿ?”

“ಹೌದ್ರಿ ಸರ್, ಆಟಾನ. ಈಗ ನಮ್ಮಪ್ಪ ಗೆದ್ರು.”

ಅವರು ಬೆಂಚನ್ನೊಮ್ಮೆ, ನನ್ನ ಎಡಗೈಯನ್ನೊಮ್ಮೆ ನೋಡಿದರು. “ಇಬ್ರು ಆಡಿದ್ರ ಆಟ ಖರೆ. ಒಬ್ಬರ ಆಡಿದ್ರ ನೋಡಾವರಿಗೆ ಅಂಜಿಕಿ ಬರತೈತ್ರಿ. ಅಮಾಸಿಗೊಮ್ಮೆ ನೀವು ಬರೂದಾದ್ರ ಕಂಬ ಇರ್ಲಿ ಬಿಡ್ರಿ.” ಬರುತ್ತೇನೆಂದು ಮಾತು ಕೊಟ್ಟೆ. ಅವರು ಹೊರಟವರು ತಿರುಗಿ ನಿಂತು ದನಿ ತಗ್ಗಿಸಿದರು. “ನಂದೊಂದು ಚಪ್ಪಲಿ…”

“ಮೂರನೇ ಕಂಬದ ಬುಟ್ಟ್ಯಾಗ ಐತ್ರಿ” ಎಂದ ಕಾಕಾ.

ಅವರು ಹೋದ ಮೇಲೆ ಕಾಕಾ ಬೆಂಚಿನ ಕಡೆ ತಿರುಗಿದ. ಹೆಬ್ಬೆರಳು ತೋರುಬೆರಳು ಕೂಡಿಸಿ ಹೊಸೆದ, ಬಹಳ ಹೊತ್ತು ಹೊಸೆದ. ನಾನು ಅಳುತ್ತಿದ್ದೆ. ಕಾಕಾ ಅದನ್ನು ನೋಡದವನ ಹಾಗೆ ಎರಡೂ ತಾಟನ್ನು ಕಂಕುಳಲ್ಲಿ ಇಟ್ಟುಕೊಂಡು “ನಡಿ, ಹಸಿವ್ಯಾಗೈತಿ” ಎಂದು ಗೇಟಿನತ್ತ ನಡೆದ.

ನಾನು ಒಂದು ಹೆಜ್ಜೆ ಹಿಂದುಳಿದೆ. ಬೆಂಚಿನತ್ತ ತಿರುಗಿ, ಅವ್ವನ ಏಟು ತಿಂದ ಆ ಎಡಗೈಯ ಐದೂ ಬೆರಳು ಸೇರಿಸಿ, ಬಾಯಿಗೆ ಒಯ್ದು, ಗದ್ದ ಎತ್ತಿ ಅಪ್ಪನನ್ನು ಕೇಳಿದೆ.