ಸಮುದ್ರಕ್ಕೆ ಸಲಿಕೆ ಹೊತ್ತವರು

ಸಮುದ್ರ ನೋಡಲು ಹೋಗುವವರು ಟೊಪ್ಪಿಗೆ ಒಯ್ಯುತ್ತಾರೆ, ಟವೆಲ್ ಒಯ್ಯುತ್ತಾರೆ, ಬಹಳವೆಂದರೆ ಡಬ್ಬಿಯಲ್ಲಿ ಚುರುಮುರಿ ಒಯ್ಯುತ್ತಾರೆ. ಸಲಿಕೆ ಒಯ್ದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅಷ್ಟೇ ಅಲ್ಲ, ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಎಲ್ಲರೆದುರು ಅವರ ಪಕ್ಕದಲ್ಲೇ ನಿಂತಿದ್ದೇನೆ!

ಅವರು ನನ್ನ ಅಕ್ಕನ ಗಂಡ, ನನಗೆ ಮಾವ. ಕಾಲುವೆಯ ಕಟ್ಟಕಡೆಯ ತುದಿಗೆ ಅವರ ಭತ್ತದ ಗದ್ದೆ. ಮೇಲಿನ ಗದ್ದೆಯವರೆಲ್ಲ ಹರಿಸಿಕೊಂಡು ಉಳಿಸಿದರೆ, ಕಟ್ಟಕಡೆಗೆ ಇವರ ನೀರಿನ ಪಾಳಿ. ಹೀಗಾಗಿ ಹರಿಯುವ ನೀರು ಕಂಡರೆ ಸಾಕು, ಮಾವನ ಕೈ ಸಲಿಕೆಗಾಗಿ ತಡಕಾಡುತ್ತದೆ. ಮಸ್ಕಿಯಲ್ಲಿ ಒಂದು ಮದುವೆ. ಕೈ ತೊಳೆದ ನೀರು ಸುಮ್ಮನೆ ಓಣಿಗೆ ಹರಿಯುತ್ತಿತ್ತು. ರೇಷ್ಮೆ ಧೋತರ ಎತ್ತಿ ಕಟ್ಟಿ, ಬರಿಗೈಯಿಂದ ಮಣ್ಣು ಬಳಿದು ಒಡ್ಡು ಹಾಕಿ, ಆ ನೀರನ್ನು ಬೇವಿನ ಗಿಡಕ್ಕೆ ತಿರುಗಿಸಿಯೇ ಅವರು ಮಂಟಪಕ್ಕೆ ಬಂದದ್ದು. ಅಷ್ಟರಲ್ಲಿ ತಾಳಿ ಕಟ್ಟಿ ಆಗಿತ್ತು. ಮದುಮಗ ಯಾರೆಂದು ಮಾವನಿಗೆ ಇವತ್ತಿಗೂ ಗೊತ್ತಿಲ್ಲ!

ನಾನೋ ಲಿಂಗಸುಗೂರಿನಲ್ಲಿ ಡ್ರಿಲ್ ಮಾಸ್ತರನಾಗಿ ನಿವೃತ್ತನಾದವನು. ಕೊರಳಲ್ಲಿ ಈಗಲೂ ಸೀಟಿ ತೂಗುತ್ತಿದೆಯೇನೋ ಎಂಬಂತೆ ಏಳುತ್ತೇನೆ, ಉಣ್ಣುತ್ತೇನೆ, ಮಲಗುತ್ತೇನೆ. ಇಂಥ ನಾನು ಇಂಥವರನ್ನು ಕಟ್ಟಿಕೊಂಡು ಹೊರಟದ್ದು ಅಕ್ಕನಿಗಾಗಿ. ಮದುವೆಯಾದ ಹೊಸತರಲ್ಲಿ ಆಕೆ ಗಂಡನನ್ನು ಕೇಳಿದ್ದು ಒಂದೇ: ಸಮುದ್ರದಲ್ಲಿ ಒಮ್ಮೆ ಕಾಲಿಡಬೇಕು. ಮಾವ ಹೂಂ ಎಂದಿದ್ದರು. ಆದರೆ ಹೊರಡಲು ಗಂಟು ಕಟ್ಟಿದಾಗಲೆಲ್ಲ ಕಾಲುವೆಗೆ ನೀರು ಬಿಡುವ ಸುದ್ದಿ ಬರುತ್ತಿತ್ತು. ಗಂಟು ಬಿಚ್ಚಿಕೊಳ್ಳುತ್ತಿತ್ತು. ಕೊನೆಗೆ ಅಕ್ಕನ ಮೊಣಕಾಲು ಕೈಕೊಟ್ಟವು. ಇನ್ನು ತಡಮಾಡಿದರೆ ಆಗದೆಂದು ಗದ್ದೆ ಕಟಾವಾದ ಕೂಡಲೇ ನಾನು ಟಿಕೆಟ್ ತೆಗೆಸಿದೆ.

ಬಸ್ಸಿನ ಕಂಡಕ್ಟರ್ ಸಲಿಕೆ ನೋಡಿ ಬೆಚ್ಚಿಬಿದ್ದ. "ಯಜಮಾನ್ರ, ಸಮುದ್ರಕ್ಕ ಸಲಿಕಿ ಯಾಕ್ರೀ?"

"ಅಲ್ಲಿ ನೀರು ಭಾಳ ಐತಂತಲ್ಲಪಾ," ಎಂದರು ಮಾವ. "ನೀರಿದ್ದಲ್ಲಿ ಸಲಿಕಿ ಇರಬೇಕು."

ನಾನು ಕಿಟಕಿಯ ಕಡೆ ತಿರುಗಿ, ಇವರು ಯಾರೋ ಏನೋ ಎಂಬಂತೆ ಕುಳಿತೆ.

ಕರಾವಳಿಯ ಆ ಜಾಗಕ್ಕೆ ಊರು ಎಂಬ ಹೆಸರು ದೊಡ್ಡದಾಯಿತು. ಗಾಳಿಮರಗಳ ನೆರಳಲ್ಲಿ ನಾಲ್ಕಾರು ಹೆಂಚಿನ ಮನೆ, ಬಂದವರಿಗೆ ಬಾಡಿಗೆಗೆ ಕೋಣೆ, ಬೇಲಿಗೆ ಕೇದಗೆ. ಮರಳಿನ ಮೇಲೆಲ್ಲ ಹರಡಿದ ನೇರಳೆ ಹೂವಿನ ಬಳ್ಳಿ. ಅದರಾಚೆ ಸಮುದ್ರ. ನಮ್ಮ ಎರೆಭೂಮಿಯಲ್ಲಿ ಕಣ್ಣು ಹಾಯುವಷ್ಟು ದೂರ ನೆಲ ನೋಡಿದವನು ನಾನು. ಅಷ್ಟೇ ದೂರ ನೀರು ಕಂಡು ಎರಡು ಹೆಜ್ಜೆ ಹಿಂದೆ ಸರಿದೆ. ಮಾವ ಮಾತ್ರ ಬೊಗಸೆಯಲ್ಲಿ ತುಂಬಿ ಬಾಯಿಗೆ ಹಾಕಿ, ಥೂ ಎಂದು ಉಗುಳಿದರು. "ಇಷ್ಟು ನೀರು ಇಟಗೊಂಡು ಒಂದು ಮಡಿ ಭತ್ತಕ್ಕ ದಿಕ್ಕಿಲ್ಲ ನೋಡ್ರಿ ಮಾಸ್ತರ!"

ಸಂಜೆ ಇಳಿತವಾಗಿ ನೀರು ದೂರ ಸರಿಯಿತು. ಅಷ್ಟು ದೊಡ್ಡ ನೀರು ಹೇಳದೆ ಕೇಳದೆ ಹಿಂದೆ ಹೋದದ್ದು ಕಂಡು ಮಾವ ಹೌಹಾರಿದರು. ದಂಡೆಯ ತುಂಬ ಏಡಿಯ ಬಿಲಗಳು ಕಂಡದ್ದೇ ಅವರಿಗೆ ಕಾರಣ ಹೊಳೆಯಿತು. ಭತ್ತದ ಗದ್ದೆಯ ಬದುವಿಗೆ ಏಡಿ ತೂತು ಕೊರೆದರೆ ಬೆಳಗಾಗುವಷ್ಟರಲ್ಲಿ ಮಡಿಯ ನೀರೆಲ್ಲ ಖಾಲಿಯಾಗುತ್ತದಲ್ಲ! ಆಮೇಲೆ ಹೇಳುವುದೇನು? ಕತ್ತಲಾಗುವವರೆಗೆ ಸಲಿಕೆ ಹಿಡಿದು ಅರಬ್ಬಿ ಸಮುದ್ರದ ಬಿಲ ಮುಚ್ಚಿದರು. ಬೆಳಿಗ್ಗೆ ನೀರು ತುಂಬಿ ನಿಂತಿತ್ತು. "ನೋಡ್ರಿ," ಎಂದರು ಮಾವ.

ಇಷ್ಟೆಲ್ಲದರ ನಡುವೆ ಅಕ್ಕನ ಆಸೆ ಕುರ್ಚಿಯಲ್ಲೇ ಕುಳಿತಿತ್ತು. ಅಂಗಳದ ಗಟ್ಟಿ ನೆಲ ಮುಗಿಯುವಲ್ಲಿಗೆ ಆಕೆಯ ನಡಿಗೆ ಮುಗಿಯುತ್ತಿತ್ತು. ಮುಂದೆ ಸಡಿಲ ಮರಳು. ಊರುಗೋಲು ಊರಿದರೆ ಹೂತುಹೋಗುತ್ತದೆ, ಹೆಜ್ಜೆ ಇಟ್ಟರೆ ಮೊಣಕಾಲು ಮಡಚುತ್ತದೆ. ಕುರ್ಚಿ ಸಮೇತ ಎತ್ತಿಕೊಂಡು ಹೋಗುತ್ತೇವೆಂದರೆ ಕೇಳಲಿಲ್ಲ. "ಸತ್ತ ಮ್ಯಾಲ ಹೊರೂದು ಇದ್ದೇ ಐತಿ ತಮ್ಮಾ. ಈಗಿಂದ್ಯಾಕ?" ಎಂದು ನಕ್ಕಳು. ನಕ್ಕ ಮೇಲೆ ಬಹಳ ಹೊತ್ತು ನೀರಿನ ಕಡೆಗೇ ನೋಡುತ್ತಿದ್ದಳು. ಮಾವ ಅಲ್ಲೇ ಇದ್ದರು. ಹೆಂಡತಿಗೆ ಒಂದು ಸಮಾಧಾನದ ಮಾತಾದರೂ ಬೇಡವೇ? ಬಳ್ಳಿಯ ಬುಡದಲ್ಲಿ ತೆರೆ ತಂದು ಬಿಟ್ಟ ಕಸಕಡ್ಡಿಯನ್ನು ಸಲಿಕೆಯ ತುದಿಯಿಂದ ಕೆದಕುತ್ತ ನಿಂತಿದ್ದರು!

ಮರುದಿನ ಬೆಳಗಿನ ಬಸ್ಸಿಗೆ ನಮ್ಮ ವಾಪಸು ಪ್ರಯಾಣ. ಹೊರಡುವ ಹಿಂದಿನ ಸಂಜೆ ಊಟ ಬಡಿಸುತ್ತ ಮನೆಯೊಡತಿ ಮಾತಿಗೆ ಮಾತು ಬಂದು, ನಾಳೆ ಅಮಾವಾಸ್ಯೆ, ಉಬ್ಬರ ದಿನದಂತಲ್ಲ, ನೀರು ಬಳ್ಳಿಯವರೆಗೂ ಬರುತ್ತದೆ ಎಂದಳು. ಮಾವ ಉಣ್ಣುತ್ತಿದ್ದ ಕೈ ನಿಲ್ಲಿಸಿದರು.

"ಮಾಸ್ತರ, ನಾಳಿ ನಾ ಬರಂಗಿಲ್ಲ."

ನಾನು ದಿಗ್ಭ್ರಮೆಗೊಂಡೆ. ಸೀಟು ಕಾಯ್ದಿರಿಸಿದೆ! ಚೀಲ ಕಟ್ಟಿದೆ! ಯಾಕೆಂದು ಕೇಳಿದರೆ, "ಕೆಲಸ ಐತಿ" ಅಷ್ಟೇ.

ಬೆಳಿಗ್ಗೆ ಹೊರಗೆ ಬಂದು ನೋಡುತ್ತೇನೆ, ದಂಡೆಯನ್ನು ಸೀಳಿ ಒಂದು ಕಾಲುವೆ! ಸೊಂಟ ಬಗ್ಗಿಸಿ ಮಾವ ಅಗೆಯುತ್ತಿದ್ದಾರೆ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿದೆ. ಇಡೀ ಕೇರಿಯ ಜನ ನಿಂತು ನೋಡುತ್ತಿದೆ. ಮಾವನಿಗೆ ತಲೆ ಕೆಟ್ಟಿತೆಂದೇ ತಿಳಿದೆ.

"ಮಾವ, ಇದು ಯಾರ ಹೊಲಕ್ಕರೀ?"

ಅವರು ಗದ್ದ ಎತ್ತಿ ತೋರಿಸಿದರು. ಅಂಗಳದ ತುದಿಯಲ್ಲಿ ಅಕ್ಕನ ಕುರ್ಚಿ ಇತ್ತು. ಕಾಲುವೆ ನೇರ ಅದರ ಬುಡಕ್ಕೇ ಬರುತ್ತಿತ್ತು.

ಆದರೆ ಮರಳು ನಮ್ಮ ಎರೆಮಣ್ಣಲ್ಲ. ಅತ್ತ ತೋಡಿದರೆ ಇತ್ತ ಕುಸಿಯುತ್ತಿತ್ತು. ಮಾವ ತೆಂಗಿನ ಗರಿ ಎಳೆದು ತಂದು ಎರಡೂ ಬದಿಗೆ ಆನಿಸಿದರು. ಅವರೊಬ್ಬರೇ ಎಷ್ಟೆಂದು ಹಿಡಿದಾರು? ಅತ್ತ ಬಸ್ಸಿನ ಹೊತ್ತು, ಇತ್ತ ಉಬ್ಬರದ ಹೊತ್ತು. ನಾನು ಬೂಟು ಕಳಚಿ ಇಳಿದೆ. ಚೀಲ ಕಟ್ಟಿದ್ದ ಹಗ್ಗ ಬಿಚ್ಚಿ ಗರಿಗಳನ್ನು ಬಿಗಿದೆ.

ಮೊದಲ ತೆರೆ ಅರ್ಧ ದಾರಿಗೇ ಇಂಗಿತು. ಮುಂದಿನದು ಒಂದಿಷ್ಟು ಮುಂದೆ ಬಂದು ಹಿಂದೆ ಜಾರಿತು. ಅಕ್ಕ ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಬಾಗಿ ಕುಳಿತಿದ್ದಳು. ಆಮೇಲೊಂದು ದೊಡ್ಡ ತೆರೆ ಬಳ್ಳಿಯ ಬುಡಕ್ಕೆ ಅಪ್ಪಳಿಸಿ ಕಾಲುವೆಯ ಬಾಯಿಗೆ ನುಗ್ಗಿತು. ನೊರೆ, ಕಸಕಡ್ಡಿ, ಗಾಬರಿಯಾದ ಒಂದು ಏಡಿ, ಎಲ್ಲ ಸೇರಿ ಗರಿಗಳ ನಡುವೆ ಬುಳಬುಳನೆ ಹರಿದು ಬಂದು ಅಕ್ಕನ ಪಾದ ಮುಚ್ಚಿತು.

ಅಕ್ಕ ನೀರು ನೋಡಲಿಲ್ಲ. ಗಂಡನನ್ನು ನೋಡಿದಳು.

"ಏನ್ರೀ, ನಮ್ಮ ಪಾಳಿ ಬಂತೇನು?"

"ಬಂತು," ಎಂದರು ಮಾವ. "ಕಾಲು ಮುಂದಕ ಚಾಚು."

ಅಷ್ಟು ಹೇಳಿ ಅವರು ಕಾಲುವೆಯ ಬಾಯಿಗೆ ಹೋಗಿ, ಹೆಗಲಿಗೆ ಸಲಿಕೆ ಇಟ್ಟುಕೊಂಡು ನಮಗೆ ಬೆನ್ನು ಹಾಕಿ ನಿಂತರು. ಮೇಲಿನ ಗದ್ದೆಯವರು ಯಾರೂ ನಡುವೆ ಒಡ್ಡು ಒಡೆದು ನೀರು ತಿರುಗಿಸಿಕೊಳ್ಳದಂತೆ ಊರಲ್ಲಿ ಕಾವಲು ನಿಲ್ಲುತ್ತಾರಲ್ಲ, ಹಾಗೆ. ಅಲ್ಲಿ ಮೇಲಿನವರು ಯಾರಿದ್ದರು? ಆ ಕಡೆಗೆ ಇದ್ದದ್ದು ಸಮುದ್ರವೊಂದೇ. ಆದರೂ ಅಕ್ಕ ಸಾಕು ಎನ್ನುವವರೆಗೆ ಅವರು ಅಲ್ಲಿಂದ ಕದಲಲಿಲ್ಲ.