ಮಾವನ ಕಂಪ್ಯೂಟರಿಗೆ ಮೂರು ಬೊಟ್ಟು

ನನ್ನ ಸೋದರಮಾವನ ಮನೆಯಲ್ಲಿ ಇಬ್ಬರು ಮುತ್ತೈದೆಯರಿದ್ದಾರೆ. ಒಬ್ಬರು ನಮ್ಮತ್ತೆ. ಇನ್ನೊಂದು ಕಂಪ್ಯೂಟರ್! ನಂಬದಿದ್ದರೆ ಮದ್ದೂರಿಗೆ ಬಂದು ನೋಡಿ. ಅತ್ತೆಯ ಹಣೆಯಲ್ಲಿರುವುದು ಸಾಸಿವೆ ಕಾಳಿನಷ್ಟು ಒಂದೇ ಒಂದು ಸ್ಟಿಕ್ಕರ್ ಬೊಟ್ಟು. ಕಂಪ್ಯೂಟರಿನ ಗಾಜಿನ ಮೇಲೆ ಮೂರು. ಕೆಂಪು, ಹಸಿರು, ಹಳದಿ. ಇಬ್ಬರಲ್ಲಿ ಮಾವ ಹೆಚ್ಚು ಹೊತ್ತು ಯಾರ ಮುಖ ನೋಡುತ್ತಾರೆ ಅಂತ ಮಾತ್ರ ಅತ್ತೆಯನ್ನು ಕೇಳಬೇಡಿ. ಕೈಯಲ್ಲಿ ಸೌಟಿರುತ್ತದೆ.

ಮಾವ ಶಿವನಸಮುದ್ರದ ಪವರ್ ಹೌಸಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಅಲ್ಲಿ ಗೋಡೆಯುದ್ದಕ್ಕೂ ಸ್ವಿಚ್ಚು, ಮೀಟರು, ಬಣ್ಣದ ದೀಪ. ಇವರು ಕೆಲಸಕ್ಕೆ ಸೇರುವ ಮೊದಲು ಯಾವ ಸ್ವಿಚ್ಚು ಎಲ್ಲಿತ್ತೋ, ಇವರು ಹಾರ ಹಾಕಿಸಿಕೊಂಡು ಹೊರಗೆ ಬರುವಾಗಲೂ ಅಲ್ಲೇ ಇತ್ತು. "ಕತ್ಲಲ್ಲಿ ಕೈ ಆಕುದ್ರೂ ಸಿಗ್ಬೇಕು ಕಣ್ಲಾ. ಉಡುಕ್ತಾ ನಿಂತ್ರೆ ಎಣ ಬೀಳ್ತವೆ" ಅನ್ನುತ್ತಾರೆ.

ಅಲ್ಲಿ ಇನ್ನೊಂದು ಕಟ್ಟುನಿಟ್ಟು. ಡ್ಯೂಟಿ ಮುಗಿಸಿದವನು ಚಪ್ಪಲಿ ಮೆಟ್ಟಿಕೊಂಡು ಸುಮ್ಮನೆ ಹೊರಡುವಂತಿಲ್ಲ. ಮುಂದಿನ ಪಾಳಿಯವನು ಬಂದು ಎದುರಿಗೆ ನಿಲ್ಲಬೇಕು. ಯಾವುದು ಓಡುತ್ತಿದೆ, ಯಾವುದು ನಿಂತಿದೆ, ಏನು ಬದಲಾಗಿದೆ ಅಂತ ಇವನು ಬಾಯಿಬಿಟ್ಟು ಹೇಳಬೇಕು. ಅವನು "ಚಾರ್ಜ್ ತಗೊಂಡೆ" ಅನ್ನಬೇಕು. ಅಂದಮೇಲೆ ಇವನು ಮನೆಗೆ. ಇದಕ್ಕೆ ಚಾರ್ಜ್ ಕೊಡುವುದು ಅನ್ನುತ್ತಾರೆ.

ಮಾವ ಪವರ್ ಹೌಸ್ ಬಿಟ್ಟರು, ಚಾರ್ಜ್ ಬಿಡಲಿಲ್ಲ. ಒಂದು ಸಲ ಅತ್ತೆ ಮಳವಳ್ಳಿಯ ತವರಿಗೆ ಹೊರಟಾಗ ಬಾಗಿಲಲ್ಲೇ ತಡೆದು ನಿಲ್ಲಿಸಿಕೊಂಡರು.

"ಆಲು ಎಲ್ಲೈತೆ, ಗ್ಯಾಸು ಆನಾ ಆಫಾ, ಬೆಕ್ಕು ಒಳ್ಗಾ ಒರ್ಗಾ, ಏಳೋಗು."

"ಆಲು ಬೆಕ್ಕಿನ್ ಒಟ್ಟೇಲೈತೆ. ಬೆಕ್ಕು ಒರ್ಗೈತೆ. ನಾನೂ ಒರ್ಗೆ. ನೀವೊಬ್ರೇ ಒಳ್ಗೆ" ಅಂತ ಅತ್ತೆ ಬ್ಯಾಗು ಎತ್ತಿಕೊಂಡರು.

ಮಾವ ಸಿಟ್ಟಾದರೇ? ಇಲ್ಲ! ನೆಟ್ಟಗೆ ನಿಂತು, "ಚಾರ್ಜ್ ತಗೊಂಡೆ" ಅಂದರು.

ಆ ಮನೆಯಲ್ಲಿ ಬೆಂಕಿಪೊಟ್ಟಣಕ್ಕೆ ಒಂದು ಜಾಗ, ಚಪ್ಪಲಿಗೆ ಒಂದು ಜಾಗ, ಬಚ್ಚಲ ಚೊಂಬಿನ ಹಿಡಿ ಯಾವ ದಿಕ್ಕಿಗಿರಬೇಕು ಅಂತ ಒಂದು ಲೆಕ್ಕ. ಹೋದ ವರ್ಷ ಅತ್ತೆ ಅಡುಗೆಮನೆ ತೊಳೆದು, ಉಪ್ಪಿನ ಡಬ್ಬಿಯನ್ನು ಸಕ್ಕರೆ ಡಬ್ಬಿ ಇದ್ದ ಕಡೆ ಇಟ್ಟುಬಿಟ್ಟರು. ಮಾವ ತಾವೇ ಕಾಫಿ ಮಾಡಿಕೊಂಡು ಎರಡು ಚಮಚ ಉಪ್ಪು ಹಾಕಿಕೊಂಡರು. ಉಗಿದರೇ? ಅದೂ ಇಲ್ಲ. ಪೂರ್ತಿ ಕುಡಿದು ಲೋಟ ಕುಕ್ಕಿ, "ನನ್ ಕೈ ಸರ್ಯಾದ್ ಜಾಗ್ಕೇ ಓಗೈತೆ. ತಪ್ಪು ಡಬ್ಬೀದು!" ಅಂದರು. ನಾನು ನಕ್ಕೂ ನಕ್ಕೂ ಗೋಡೆ ಹಿಡಿದುಕೊಂಡೆ. ಡಬ್ಬಿಯ ಮೇಲೆ ಅಷ್ಟು ದಪ್ಪಗೆ ಬರೆದಿತ್ತಲ್ಲ, ಓದಬಾರದಿತ್ತೇ?

ಆ ಕಂಪ್ಯೂಟರು ಭಾರತೀನಗರದಲ್ಲಿ ಮುಚ್ಚಿಹೋದ ಒಂದು ಸೈಬರ್ ಸೆಂಟರಿನದು. ನನ್ನ ಪಂಕ್ಚರ್ ಅಂಗಡಿಯ ಗಿರಾಕಿಯ ಲಗೇಜ್ ಆಟೋದಲ್ಲಿ ನಾನೇ ಹೊತ್ತು ತಂದೆ. ನಾನು ಒಂಬತ್ತನೇ ಕ್ಲಾಸು ಫೇಲು. ಆದರೂ ಮಾವನ ಲೆಕ್ಕದಲ್ಲಿ ನಾನೇ ಇಂಜಿನಿಯರ್. ಯಾಕೆಂದರೆ ಒಂದು ಸಲ ಅತ್ತೆಯ ಮಿಕ್ಸಿ ರಿಪೇರಿ ಮಾಡಿದ್ದೆ.

ಇಂಟರ್ನೆಟ್ ತೋರಿಸುವ ಕಿಟಕಿ ಇರುತ್ತದಲ್ಲ, ಬ್ರೌಸರು, ಅದನ್ನು ಮಾವನಿಗೆ ಕಲಿಸಲು ಕೂತೆ. ಇದು ಹಿಂದಕ್ಕೆ ಹೋಗುವ ಬಾಣ, ಇದು ಮೊದಲ ಪುಟಕ್ಕೆ ಕರೆದೊಯ್ಯುವ ಪುಟ್ಟ ಮನೆಯ ಚಿತ್ರ, ಇದು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟ ತೋರಿಸುವ ಪುಟದ ಗುರುತು. ಮಾವ ಎದ್ದು ಹೋಗಿ ಅತ್ತೆಯ ಕನ್ನಡಿಯಿಂದ ಮೂರು ಬೊಟ್ಟು ಕಿತ್ತು ತಂದರು. ಮನೆಯ ಮೇಲೆ ಕೆಂಪು, ಕಟ್ಟೆಯ ಮೇಲೆ ಹಸಿರು, ಬಾಣದ ಮೇಲೆ ಹಳದಿ. ಅಂಟಿಸಿಯೇಬಿಟ್ಟರು, ಗಾಜಿಗೆ!

"ಮಾವ, ಕೆಳಗೆ ಏನೈತೆ ಅಂತ್ಲೇ ಕಾಣಲ್ವಲ್ಲ!"

"ಯಾಕ್ಲಾ ಕಾಣ್ಬೇಕು? ಮೌಸ್‌ನ ತಳ್ಕೊಂಡ್ ಓಗು. ಮೌಸಿನ್ ಬಾಣದ್ ತುದಿ ಬೊಟ್ಟಿನ್ ಕೆಳೀಕ್ ಮಾಯ ಆಯ್ತಾ? ಒತ್ತು. ಪವರ್ ಹೌಸ್‌ನಲ್ಲೂ ಇಂಗೇ ಬಣ್ಣ ಬಳ್ದಿದ್ವು."

ಒತ್ತಿದರು. ಕಟ್ಟೆ ಬಂತು! ಅಂದಿನಿಂದ ದಿನಾ ಬೆಳಿಗ್ಗೆ ಹಸಿರು ಬೊಟ್ಟು ಒತ್ತಿ, ನೀರಿನ ಮಟ್ಟ ನೋಡಿಕೊಂಡು, ನನ್ನ ಅಂಗಡಿ ಪಕ್ಕದ ಟೀ ಅಂಗಡಿಗೆ ಬಂದು ಹೇಳುವುದೇ ಮಾವನ ಡ್ಯೂಟಿ. "ತಾಯಿ ಅರ್ಧ ಅಡಿ ಏರವ್ಳೆ ಕಣ್ರಪ್ಪ" ಅಂದರೆ ನಾಲೆ ಬಯಲಿನ ಗೌಡರೆಲ್ಲ ಮೀಸೆ ನೀವಿಕೊಳ್ಳುತ್ತಿದ್ದರು. ಎಲ್ಲರ ಜೇಬಲ್ಲೂ ಮೊಬೈಲಿದೆ. ಆದರೂ ಮಾವ ಬಂದು ಹೇಳುವವರೆಗೆ ಕಟ್ಟೆಗೆ ನೀರು ಬಂದಂತಲ್ಲ. ಟೀ ಅಂಗಡಿಯವನು ಮಾವ ಬರುವುದು ಕಂಡರೆ ರೇಡಿಯೋ ಆರಿಸುತ್ತಿದ್ದ. ಇದಕ್ಕಿಂತ ದೊಡ್ಡ ಮರ್ಯಾದೆ ಮದ್ದೂರಿನಲ್ಲಿ ಇನ್ನೇನಿದೆ?

ಒಂದು ವಿಚಿತ್ರ ಹೇಳಲೇಬೇಕು. ಆ ಬೊಟ್ಟುಗಳು ಬೆಳೆಯುತ್ತಿದ್ದವು! ಮೊದಲು ಸಾಸಿವೆಯಷ್ಟಿದ್ದವು, ಹೋಗ್ತಾ ಹೋಗ್ತಾ ಕಡಲೆಯಷ್ಟು, ಆಮೇಲೆ ಅಂಗಿ ಗುಂಡಿಯಷ್ಟು, ಈಗ ಹತ್ತು ರೂಪಾಯಿ ನಾಣ್ಯದಷ್ಟು. ಅತ್ತೆ ಮನೆಗೆ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. "ನೋಡ್ರವ್ವ, ಪಾಕೀಟು ತಂದ್ ಮಡಗೋದೇ ತಡ, ನಿಮ್ಮಣ್ಣ ಕದ್ಕೊಂಡ್ ಓಗಿ ಅವ್ಳಿಗೆ ಇಡ್ತಾರೆ." ಅಕ್ಷರಗಳನ್ನೂ ದಪ್ಪ ಮಾಡು, ಇನ್ನೂ ದಪ್ಪ ಮಾಡು ಅಂತ ಮಾವ ನನಗೆ ಗಂಟು ಬಿದ್ದರು. ಕೊನೆಗೆ ಒಂದು ಸಾಲಿಗೆ ಎರಡೇ ಪದ ಕೂರುವಂತಾಯಿತು. ಯಾಕೆ ಮಾವ ಅಂದರೆ, "ಸಣ್ಣಕ್ಕೆ ಬರ್ಯೋರು ಜಿಪುಣ್ರು ಕಣ್ಲಾ!"

ಹೀಗಿರುವಾಗ ಒಂದು ದಿನ ಅಪ್ಡೇಟ್ ಬಂತು.

ಬೆಳಿಗ್ಗೆ ಟ್ಯೂಬಿಗೆ ಪ್ಯಾಚು ಹಾಕುತ್ತಿದ್ದೆ. ಫೋನಿನಲ್ಲಿ ಮಾವನ ಗುಡುಗು. "ಲೇ, ಬಾರ್ಲಾ ಬೇಗ! ಯಾವನೋ ಮನೇಗ್ ನುಗ್ಗಿ ಎಲ್ಲಾ ಕಿತ್ತಾಕವ್ನೆ!" ಕಳ್ಳರು ಬಂದರೆಂದು ಜಾಕ್ ರಾಡು ಹಿಡಿದು ಓಡಿದೆ. ನೋಡಿದರೆ ಮಾವ ಕಂಪ್ಯೂಟರಿನ ಎದುರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾರೆ. ತೆರೆಯ ಮೇಲೆ ದಪ್ಪ ಅಕ್ಷರದಲ್ಲಿದ್ದದ್ದನ್ನು ನಾನು ಗಟ್ಟಿಯಾಗಿ ಓದಿದೆ, "ಹೊಸ ಅನುಭವಕ್ಕೆ ಸ್ವಾಗತ!"

"ಅಳೇದಕ್ಕೆ ಏನ್ಲಾ ರೋಗ ಬಂದಿತ್ತು?" ಅಂದರು ಮಾವ.

ನಿಜಕ್ಕೂ ಯಾವುದೂ ಇದ್ದಲ್ಲಿ ಇರಲಿಲ್ಲ. ಮನೆಯ ಚಿತ್ರವೇ ಮಾಯ. ಮೇಲಿದ್ದದ್ದು ಪಕ್ಕಕ್ಕೆ ಬಂದಿದೆ, ಪಕ್ಕದ್ದು ಎಲ್ಲಿಗೋ ಹೋಗಿದೆ. ಹಸಿರು ಬೊಟ್ಟಿನ ಕೆಳಗೆ ಕಟ್ಟೆ ಇಲ್ಲ, ಬರೀ ಬಯಲು. ಹಳದಿ ಒತ್ತಿದರೆ ಎಲ್ಲ ಮುಚ್ಚಿಕೊಳ್ಳುತ್ತದೆ. ಕೆಂಪು ಒತ್ತಿದರೆ ಒಂದು ಪೆಟ್ಟಿಗೆ ಹಾರಿ ಬಂದು ಕೇಳುತ್ತದೆ: "ನಾನು ನಿಮಗೆ ಹೇಗೆ ಸಹಾಯ ಮಾಡಲಿ?"

ಅದನ್ನೂ ನಾನು ಓದಿ ಹೇಳಿದೆ. ಮಾವ ತೆರೆಗೆ ಮುಖ ಕೊಟ್ಟು ಕೂಗಿದರು. "ಸಾಯ ಮಾಡೋನಾದ್ರೆ ಇದ್ದುದ್ನ ಇದ್ದಲ್ಲೇ ಮಡಗು! ಅಷ್ಟು ಮಾಡು ಸಾಕು!"

ಪೆಟ್ಟಿಗೆ ಅದೇ ಪ್ರಶ್ನೆ ಹಿಡಿದುಕೊಂಡು ನಿಂತಿತ್ತು. ಮಾವ ನನ್ನ ಕಡೆ ತಿರುಗಿದರು.

"ಬದಲಾಯ್ಸ್ಲಿ ಕಣ್ಲಾ, ಬ್ಯಾಡ ಅನ್ನಾಕಿಲ್ಲ. ಬಂದು ಎದುರ್ಗೆ ನಿಂತ್ಕೊಂಡು, ಇಂಗಿತ್ತು, ಇಂಗ್ ಮಾಡಿವ್ನಿ ಅಂತ ಏಳ್ಬೇಕೋ ಬ್ಯಾಡ್ವೋ? ಯಾರ್ಗ್ ಕೊಟ್ನಂತೆ ಚಾರ್ಜು?"

"ಅವ್ರು ಎಲ್ಲೋ ಇರ್ತಾರೆ ಮಾವ. ನಿಮ್ಮನೆಗೆಲ್ಲಾ ಬರಾಕಾಯ್ತದಾ?"

"ಕಿತ್ತಾಕಕ್ ಬಂದನಲ್ಲ! ಏಳಕ್ ಬರಾಕ್ ಏನ್ ಕಾಲ್ನೋವಾ?"

ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದೆಯೇ?

ಆ ದಿನ ನನಗೆ ಗಿರಾಕಿ ಕಾಯುತ್ತಿದ್ದ. ಸಂಜೆ ಬಂದು ಸರಿ ಮಾಡುತ್ತೇನೆ ಅಂತ ಹೊರಟೆ. ಅರ್ಧ ಗಂಟೆಗೆ ಮಾವ ಟೀ ಅಂಗಡಿಗೆ ಬಂದರು. ರೇಡಿಯೋ ಆರಿತು. ಮಾವ ಬೆಂಚಿನ ಮೇಲೆ ಕೂತು, ಗಂಟಲು ಸರಿಮಾಡಿಕೊಂಡು, "ಇವತ್ತು ಕಟ್ಟೇಲಿ ಇಪ್ಪತ್ತೆಂಟ್ ಅಡಿ" ಅಂದರು.

ನಿನ್ನೆಯಷ್ಟೇ ನೂರಡಿ ದಾಟಿತ್ತು ಅಂದಿದ್ದರು. ಮಳೆಗಾಲ! ನಾಲೆ ಅಂಚಿಗೆ ಮುಟ್ಟಿ ಹರಿಯುತ್ತಿದೆ! ಆಮೇಲೆ ಒಬ್ಬ ಶುರುಮಾಡಿದ. "ಕಟ್ಟೆ ತೂತಾಯ್ತಾ ಯಜಮಾನ್ರೇ?" ಇನ್ನೊಬ್ಬ ಅವನನ್ನೇ ತೋರಿಸಿ, "ನಿನ್ನೆ ರಾತ್ರಿ ಇವ್ನೇ ಕುಡ್ಕೊಂಡಿರ್ಬೇಕು, ನೋಡ್ರಪ್ಪ ಒಟ್ಟೆಯ!" ಅಂಗಡಿ ಪೂರ್ತಿ ನಗು. ಒಬ್ಬ ಮೊಬೈಲ್ ತೆಗೆದು ಮಾವನ ಮೂಗಿನ ಹತ್ತಿರ ಹಿಡಿದ. "ನೋಡಿ, ನೀವೇ ಓದಿ, ಎಷ್ಟೈತೆ ಅಂತ."

ಮಾವ ಓದಲಿಲ್ಲ. "ಮೀಟರ್ ತೋರ್ಸಿದ್ನ ಏಳಿವ್ನಿ" ಅಂದರು. ಅರ್ಧ ಟೀ ಹಾಗೇ ಬಿಟ್ಟು ಎದ್ದುಹೋದರು.

ಆ ಸಂಜೆ ಅಂಗಡಿ ಕೆಲಸದಲ್ಲಿ ನನಗೆ ಹೋಗಲಾಗಲಿಲ್ಲ. ಮರುದಿನ ಮಾವ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಟೀ ಅಂಗಡಿಯವನು ರೇಡಿಯೋದ ಗುಂಡಿಯ ಮೇಲೆ ಕೈಯಿಟ್ಟುಕೊಂಡು ಬೀದಿ ನೋಡುತ್ತಿದ್ದ. "ಎಲ್ಲೋ ನಿಮ್ಮಾವ? ತಮಾಸೆಗಂದ್ರೆ ಇಂಗಾ ಮಾಡೋದು? ಓಗಿ ಕರ್ಕೊಂಬಾ ಓಗು" ಅಂದ.

ಹೋದೆ. ಮಾವ ಕಂಪ್ಯೂಟರಿಗೆ ಬೆನ್ನು ಹಾಕಿ ಕೂತಿದ್ದರು. ನಾನು ಬೊಟ್ಟು ಕಿತ್ತು ಹೊಸ ಜಾಗಕ್ಕೆ ಅಂಟಿಸೋಣ ಅಂತ ಬ್ರೌಸರ್ ತೆರೆದೆ. ಮೊದಲ ಪುಟದ ನಡುವೆ ಅಂಗೈ ಅಗಲದ ಒಂದು ಅಂಕಿ. ಪಕ್ಕದಲ್ಲಿ ಮೋಡದ ಚಿತ್ರ, ಕೆಳಗೆ ಸಣ್ಣಗೆ ಮದ್ದೂರು ಅಂತ ಬರೆದಿದೆ. ಅದು ಹವಾಮಾನ! ಆ ದಿನದ ಸೆಕೆಯನ್ನು ಮಾವ ಕಟ್ಟೆಯ ನೀರು ಮಾಡಿದ್ದಾರೆ!

ನನಗೆ ನಗು ತಡೆಯಲಿಲ್ಲ. "ಮಾವೋ! ಇದು ಸೆಕೆ ಕಣ್ ಮಾವ, ನೀರಲ್ಲ! ಕೆಳಗೇ ಬರ್ದೈತಲ್ಲ, ಓದು ನೋಡನ!"

ಮಾವ ತಿರುಗಲಿಲ್ಲ.

"ಓದು ಮಾವ."

"ನೀನೇ ಓದ್ಲಾ."

ಆ ದನಿ ಪವರ್ ಹೌಸಿನದಾಗಿರಲಿಲ್ಲ. ನನ್ನ ನಗು ಅರ್ಧಕ್ಕೇ ನಿಂತಿತು. ಮಾವ ನಿಧಾನಕ್ಕೆ ಎದ್ದರು. ಕುರ್ಚಿಯ ಅಂಚು ಹಿಡಿದುಕೊಂಡರು. "ಬಾ ಇಲ್ಲಿ. ಎದುರ್ಗೆ ನಿಂತ್ಕೊ" ಅಂದರು. ನಿಂತೆ.

"ಎಡಗಣ್ಣು ನಿಂತೋಗೈತೆ. ಬೆಳಕು ಕತ್ಲೆ ಗೊತ್ತಾಯ್ತದೆ, ಅಷ್ಟೆ. ಬಲಗಣ್ಣು ಓಡ್ತಾ ಐತೆ, ಲೋಡ್ ಎಳೀತಿಲ್ಲ. ಬಣ್ಣ ಕಾಣ್ತದೆ, ದಪ್ಪಂದು ಕಾಣ್ತದೆ, ಅಕ್ಸರ ಕಾಣಾಕಿಲ್ಲ. ನಿನ್ ಮೊಕಾನೂ ಇಲ್ಲ ಕಣ್ಲಾ. ಆಯಿಲ್ ವಾಸ್ನೆ ಮೇಲೆ ನೀನು ಅಂತ ಅನ್ಕೋತೀನಿ." ಒಂದು ಸಲ ಉಸಿರೆಳೆದುಕೊಂಡರು. "ಬದಲಾಗಿರೋದು ಇಷ್ಟು. ಚಾರ್ಜ್ ತಕ್ಕೊ."

ಮಾವ ಕಾಯುತ್ತಾ ನಿಂತೇ ಇದ್ದರು. ಆ ಮಾತು ಅನ್ನದೆ ಡ್ಯೂಟಿ ಬಿಡುವವರಲ್ಲ.

"ಚಾರ್ಜ್ ತಗೊಂಡೆ ಮಾವ" ಅಂದೆ.

ಆಗ ಕೂತರು. "ಆಪ್ರೇಸನ್ ಅಂತಾರೆ. ಒಳ್ಗಿರೋದ್ ತೆಗ್ದು ಒಸಾದ್ ಕೂರ್ಸ್ತಾರಂತೆ. ಅದೂ ಅಪ್ಡೇಟೇ ಅಲ್ವೇನ್ಲಾ? ಈಗ ನಿಮ್ಮತ್ತೆ ಮೊಕ ಕಾಣ್ದಿದ್ರೂ ಕಣ್ಣೆಲ್ಲಿ ಮೂಗೆಲ್ಲಿ ಅಂತ ನಂಗೊತ್ತು. ಆಮೇಕೆ ಎಲ್ಲಾ ಜಾಗ ಬದಲಾಗ್ಬುಟ್ರೆ? ಅವ್ಳಿಗೆ ಏಳ್ಬ್ಯಾಡ."

"ಏಳಾದೇನೈತೆ?" ಅಂತ ಅಡುಗೆಮನೆ ಬಾಗಿಲಿಂದ ಅತ್ತೆಯ ದನಿ ಬಂತು. ಕೈಯಲ್ಲಿ ಸೌಟು ಇತ್ತು. ದನಿ ಮಾತ್ರ ಸೌಟಿನದಲ್ಲ.

"ನಾನ್ ಇಡೋದು ಸಾಸ್ವೆ ಕಾಳ್ನಷ್ಟು ಬೊಟ್ಟು. ಕಾಸ್ನಗಲ ಬೊಟ್ಟಿನ್ ಪಾಕೀಟು ಈ ಮನೇಗ್ ಯಾಕ್ ಬತ್ತಿತ್ತು ಅಂತ ಯಾರಾದ್ರೂ ಕೇಳಿದ್ರಾ? ಅಂಗ್ಡಿಯೋನ್ತಾವ ಇದ್ಕಿಂತ ದೊಡ್ಡುದ್ ಕೊಡಪ್ಪ, ಇನ್ನೂ ದೊಡ್ಡುದ್ ಕೊಡಪ್ಪ ಅಂತ ತಂದ್ ತಂದು ಕನ್ನಡಿಗ್ ಅಂಟಿಸ್ತಿದ್ದೆ."

ಮಾವ ದನಿ ಬಂದ ಕಡೆ ತಿರುಗಿದರು. "ಗೊತ್ತಿದ್ದೂ ಒಂದ್ ಮಾತ್ ಕೇಳ್ನಿಲ್ವಲ್ಲೇ?"

"ನೀವೇ ಚಾರ್ಜ್ ಕೊಡ್ಲಿ ಅಂತ ಕಾಯ್ತಿದ್ದೆ" ಅಂದರು ಅತ್ತೆ.

ಮಂಡ್ಯದ ಕಣ್ಣಾಸ್ಪತ್ರೆಯಲ್ಲಿ ಮೊದಲು ಎಡಗಣ್ಣಿಗೆ ಆಪರೇಷನ್. ಹೊರಡುವ ದಿನ ಬಸ್ ಸ್ಟ್ಯಾಂಡಿನಲ್ಲಿ ಅತ್ತೆಯ ಮುಖ ನೋಡಿ ಬೆರಗಾದೆ. ಹಣೆಯ ನಡುವೆ ನಾಣ್ಯದಷ್ಟಗಲದ ಕೆಂಪು ಬೊಟ್ಟು! ಹತ್ತಿರ ಹೋಗಿ ನೋಡಿದರೆ ಅಂಚಿನಲ್ಲಿ ಸ್ವಲ್ಪ ಧೂಳು ಮೆತ್ತಿಕೊಂಡಿದೆ. ಕಂಪ್ಯೂಟರಿನ ಮೇಲಿಂದ ಕಿತ್ತು ತಂದದ್ದೇ! "ಏನ್ ಅತ್ತೆ ಇದು, ಮಾರಮ್ಮ ಆಗ್ಬುಟ್ಟಿದ್ದೀಯ?" ಅಂದೆ. "ಮುಚ್ಕೊಂಡ್ ಬಸ್ ಅತ್ಲಾ" ಅಂದರು.

ಆಪರೇಷನ್ ಆಯಿತು. ಗೋಡೆಯುದ್ದಕ್ಕೂ ಹಾಕಿದ ಕುರ್ಚಿಗಳಲ್ಲಿ ಸಾಲಾಗಿ ಜನ ಕಾಯುತ್ತಿದ್ದೆವು. ಅತ್ತೆಯಂತೆಯೇ ಸೆರಗು ಹೊದ್ದ ಎಷ್ಟೋ ಹೆಂಗಸರಿದ್ದರು. ಬಾಗಿಲು ತೆರೆಯಿತು. ಮಾವನ ಒಂದು ಕಣ್ಣಿಗೆ ಬಿಳೀ ಪಟ್ಟಿ, ಇನ್ನೊಂದರಲ್ಲಿ ಮೊದಲಿನ ಮಂಜು. ನರ್ಸಮ್ಮ ಮಾವನ ಕೈ ಹಿಡಿದು ನಿಲ್ಲಿಸಿ, "ತಾತ, ನಿಮ್ ಕಡೆಯೋರ್ ಯಾರು?" ಅಂತ ಕೇಳಿದರು.

ನಾನು ಕೂಗಲು ಬಾಯಿ ತೆರೆದೆ. ಅತ್ತೆ ನನ್ನ ಮೊಣಕೈ ಚಿವುಟಿದರು. ಸುಮ್ಮನಾದೆ.

ಮಾವ ಆ ಕೊನೆಯಿಂದ ಈ ಕೊನೆಗೆ ನಿಧಾನವಾಗಿ ಮುಖ ತಿರುಗಿಸಿದರು. ಮಧ್ಯದಲ್ಲೊಂದು ಕಡೆ, ಅತ್ತೆಯ ಕೆಂಪು ಬೊಟ್ಟಿನ ನೇರಕ್ಕೆ, ಮುಖ ನಿಂತಿತು. ಕೈಯೆತ್ತಿ ನೆಟ್ಟಗೆ ತೋರಿಸಿದರು.

"ಅಗೋ" ಅಂದರು. "ಇದ್ದ್ ಜಾಗ್ದಲ್ಲೇ ಅವ್ಳೆ."