ಎಡ ಹಿಂಚಕ್ರದ ಗೊರಗೊರ ಸದ್ದಿಗೊಂದು ವಿನಂತಿ

ನಮ್ಮ ಕಾರಿನ ಎಡ ಹಿಂಚಕ್ರದ ಆಸುಪಾಸಿನಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಐದು ವಾರಗಳಿಂದ ಬಿಡಾರ ಹೂಡಿರುವ ಘನತೆವೆತ್ತ ಗೊರಗೊರ ಸದ್ದಿನವರ ಸನ್ನಿಧಾನಕ್ಕೆ,

ಮಾನ್ಯರೇ,

ಗಾಡಿಯ ವೇಗ ನಲವತ್ತು ದಾಟಿದೊಡನೆ ತಾವು ಸುಖವಾಗಿದ್ದೀರೆಂಬುದು ನನಗೆ ತಿಳಿಯುತ್ತಿರುವುದರಿಂದ ತಮ್ಮ ಕ್ಷೇಮವನ್ನು ಬೇರೆಯಾಗಿ ವಿಚಾರಿಸುತ್ತಿಲ್ಲ. ಕ್ಷೇಮವಿಲ್ಲದಿರುವುದು ನನಗೆ. ನಾನು ವೃತ್ತಿಯಲ್ಲಿ ಕಿವಿ ಪರೀಕ್ಷಕ. ಹೊರಗಿನ ಸದ್ದು ನುಗ್ಗದ ಪುಟ್ಟ ಕೋಣೆಯಲ್ಲಿ ಜನರನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟು, ಕೇಳಿಸಿದಾಗ ಒತ್ತಿರೆಂದು ಹೇಳಿ ಹೊಟ್ಟೆ ಹೊರೆಯುವವನು. ಯಾರಿಗೆ ಎಷ್ಟು ಕೇಳಿಸುತ್ತದೆಂದು ಹದಿನೆಂಟು ವರ್ಷ ತೀರ್ಪು ಕೊಟ್ಟವನಿಗೆ ಬೇರೆ ಯಾರಿಗೂ ಕೇಳಿಸದ ಸದ್ದೊಂದು ಕೇಳಿಸತೊಡಗಿದರೆ ಅವನ ಅಂಗಡಿಯ ಬೋರ್ಡಿನ ಗತಿ ಏನಾಗಬೇಕೆಂದು ತಾವೇ ಅಪ್ಪಣೆ ಕೊಡಿಸಬೇಕು.

ತಮ್ಮ ಸಂಕೋಚ ಸ್ವಭಾವವನ್ನು ಎಷ್ಟು ಹೊಗಳಿದರೂ ಸಾಲದು. ಮೊದಲ ಸಲ ಗ್ಯಾರೇಜಿಗೆ ಕರೆದೊಯ್ದಾಗ ಅಲ್ಲಿನ ಯಜಮಾನರು ಟೈರಿನ ಸಂದಿಯಿಂದ ಕಡಲೆಬೀಜದಷ್ಟು ಕಲ್ಲೊಂದನ್ನು ಕಿತ್ತು ನನ್ನ ಅಂಗೈಗಿಟ್ಟು, ಇದೇ ನಿಮ್ಮ ಸದ್ದು ಎಂದರು. ತಾವು ಗ್ಯಾರೇಜಿನ ಗೇಟು ದಾಟುವವರೆಗೆ ಸುಮ್ಮನಿದ್ದಿರಿ. ಎರಡನೆಯ ಸಲ ಅವರು ಜಾಕ್ ಏರಿಸಿ, ಚಕ್ರವನ್ನು ಕೈಯಲ್ಲೇ ಗಿರ್ರನೆ ತಿರುಗಿಸಿ, ಹಿಡಿದು ಅಲ್ಲಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಆಕ್ಸಲ್ ಮೇಲಿಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಇಷ್ಟು ಅಗ್ಗದ ಉಪಕರಣ ನನಗೇಕೆ ಹೊಳೆಯಲಿಲ್ಲವೆಂದು ಹೊಟ್ಟೆಕಿಚ್ಚಾಯಿತು. ಆಗಲೂ ತಾವು ಬಾಯಿಗೆ ಬೀಗ ಹಾಕಿಕೊಂಡಿದ್ದಿರಿ.

ನಾನು ನನ್ನ ವೃತ್ತಿಯ ದಾರಿ ಹಿಡಿದೆ. ಅತ್ತೆಯವರನ್ನೂ ನನ್ನ ಹೆಂಡತಿಯನ್ನೂ ಹಿಂದಿನ ಸೀಟಿನಲ್ಲಿ ಕೂರಿಸಿ, ಇಬ್ಬರ ಕೈಗೂ ಒಂದೊಂದು ಗುಂಡಿ ಕೊಟ್ಟು, ಇಪ್ಪತ್ತರಲ್ಲಿ, ನಲವತ್ತರಲ್ಲಿ, ಅರವತ್ತರಲ್ಲಿ ಗಾಡಿ ಓಡಿಸಿದೆ. ಅಳಿಯನ ಮನಸ್ಸು ನೋಯಬಾರದೆಂಬ ಕಾಳಜಿಯಿಂದ ಅತ್ತೆಯವರು ಗುಂಡಿಯನ್ನು ಎಡೆಬಿಡದೆ ಒತ್ತಿದರು. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗಲೂ ಒತ್ತಿದರು. ಹೆಂಡತಿ ಒಮ್ಮೆಯೂ ಒತ್ತಲಿಲ್ಲ. ಕೇಳಿಸಿತೇ ಎಂದು ನಾನು ಪ್ರತಿ ತಿರುವಿನಲ್ಲೂ ಕೇಳಿ, ಕನ್ನಡಿಯಲ್ಲಿ ಅವಳ ಮುಖವನ್ನೇ ನೋಡುತ್ತ ಕಾದೆ. ಅವಳು ಕಿಟಕಿಯಾಚೆ ನೋಡಿ, ಯೋಚಿಸಿ, ಇಲ್ಲವೆಂದು ತಲೆಯಾಡಿಸಿದಳು. ಒಂದು ವಾರ ಪೂರ್ತಿ ದಿನಕ್ಕೆರಡು ಸಲ ಹೀಗೇ ನಡೆಯಿತು.

ಕೊನೆಗೆ ನನ್ನ ಕಿವಿಯನ್ನೇ ಪರೀಕ್ಷಿಸಿಕೊಂಡೆ. ಅಂಗಡಿಯಲ್ಲಿ ಪರೀಕ್ಷಕ ನಾನೊಬ್ಬನೇ ಆದುದರಿಂದ ಯಂತ್ರವನ್ನು ಕೋಣೆಯೊಳಗೆ ಎಳೆದುಕೊಂಡು, ಬಲಗೈಯಲ್ಲಿ ಸದ್ದು ಹೊರಡಿಸಿ ಎಡಗೈಯಲ್ಲಿ ಗುಂಡಿ ಒತ್ತಿದೆ. ನೂರಕ್ಕೆ ನೂರು ಬಂತು. ಈ ಫಲಿತಾಂಶವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವಷ್ಟು ಸಂತೋಷವಾಗಿ, ಸುತ್ತಿಗೆ ಕೈಗೆತ್ತಿಕೊಂಡ ಮೇಲೆ ಅದರಲ್ಲಿನ ಐಬು ಹೊಳೆಯಿತು.

ಮೂರನೆಯ ಭೇಟಿಯಲ್ಲಿ ಗ್ಯಾರೇಜ್ ಯಜಮಾನರು ಸ್ವತಃ ಹಿಂದಿನ ಸೀಟಿನಲ್ಲಿ ಕುಳಿತು, ನೇರವಾದ ಮುಖ್ಯರಸ್ತೆಯಲ್ಲಿ ಎರಡು ಸಲ ಓಡಾಡಿ ಇಳಿದು, ಬಹಳ ಮರ್ಯಾದೆಯಿಂದ, ಒಂದು ಸಲ ಕಿವಿ ತೋರಿಸಿಕೊಳ್ಳುವುದು ಒಳ್ಳೆಯದು ಎಂದರು. ಅಲ್ಲಿನ ಬೆಂಚಿನ ಮೇಲೆ ಕುಳಿತಿದ್ದವರು ನನ್ನ ಹಳೆಯ ಗಿರಾಕಿ. ಅವರು ನಾನೇ ಕೊಟ್ಟ ಶ್ರವಣಯಂತ್ರವನ್ನು ಕಿವಿಯಿಂದ ತೆಗೆದು, ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಜೇಬಿಗೆ ಹಾಕಿಕೊಂಡರು. ಆ ವಾರ ಮೂವರು ಪರೀಕ್ಷೆ ಮುಂದೂಡಿದರು. ಮಾನ್ಯರೇ, ನನಗೆ ನಿಜವಾಗಿಯೂ ಹೆದರಿಕೆಯಾಗಿದೆ. ನನಗೆ ಬೇರೆ ಕೆಲಸ ಬರುವುದಿಲ್ಲ.

ಆದಕಾರಣ ತಮ್ಮಲ್ಲಿ ಪ್ರಾರ್ಥಿಸುವುದೇನೆಂದರೆ, ಬರುವ ಮಂಗಳವಾರ ಬೆಳಗ್ಗೆ ಹತ್ತೂವರೆಗೆ ಸರಿಯಾಗಿ ಗ್ಯಾರೇಜಿನಲ್ಲಿ ತಾವು ಐದು ನಿಮಿಷ ದರ್ಶನವಲ್ಲದಿದ್ದರೂ ಶ್ರವಣಭಾಗ್ಯ ಕರುಣಿಸಬೇಕು; ಬೆಂಚಿನ ಗಿರಾಕಿಗೂ ಕೇಳಿಸುವಷ್ಟು ಗಟ್ಟಿಯಾಗಿದ್ದರೆ ಇನ್ನೂ ಉಪಕಾರ. ಗಂಟಲು ಕೆಟ್ಟಿದ್ದರೆ ಒಂದು ಸಣ್ಣ ಕೀಚಲು ಸಾಕು. ಅದೂ ಆಗದಿದ್ದರೆ, ನನಗೆ ಮಾತ್ರ ಕೇಳಿಸುವ ಈ ವಿಶೇಷ ಗೌರವವನ್ನು ಹಿಂದಕ್ಕೆ ಪಡೆದು ಗ್ಯಾರೇಜ್ ಯಜಮಾನರ ಸ್ವಂತ ಗಾಡಿಗೆ ವರ್ಗವಾಗಬೇಕು.

ಮುಂದಿನ ಸೀಟಿನಲ್ಲಿ ಕುಳಿತು ಹಿಂದಕ್ಕೇ ಕಿವಿ ಕೊಟ್ಟಿರುವ,
ತಮ್ಮ ವಿಶ್ವಾಸಿ,
ಕಿವಿ ಪರೀಕ್ಷಕ

ತಾ.ಕ.: ಈ ಪತ್ರವನ್ನು ತಪ್ಪು ತಿದ್ದಲೆಂದು ಹೆಂಡತಿಗೆ ಓದಿ ಹೇಳಿದೆ. ಹೆದರಿಕೆಯ ವಾಕ್ಯ ಬಂದಾಗ ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಿದಳು. ಗಾಡಿ ಬಲಕ್ಕೆ ತಿರುಗುವಾಗ ತಾವು ಜೋರಾಗುತ್ತೀರಿ, ಎಡಕ್ಕೆ ತಿರುಗುವಾಗ ಸಣ್ಣಗಾಗುತ್ತೀರಿ ಎಂದು ಅವಳೇ ತಿಳಿಸಿದಳು. ಫೋನಿನಲ್ಲಿ ಇಷ್ಟು ಕೇಳಿದ ಕೂಡಲೇ ಗ್ಯಾರೇಜ್ ಯಜಮಾನರು, ಹಾಗಾದರೆ ಎಡಗಡೆಯ ಬೇರಿಂಗ್ ಹೋಗಿದೆ, ನಾಳೆಯೇ ತನ್ನಿ ಎಂದರು. ಮತ್ತೆ ಇಷ್ಟು ದಿನ ಗುಂಡಿ ಏಕೆ ಒತ್ತಲಿಲ್ಲವೆಂದು ಅವಳನ್ನು ಕೇಳಿದೆ. "ಮೊದಲ ದಿನದಿಂದಲೂ ಕೇಳಿಸ್ತಾ ಇದೆ ಕಣ್ರೀ. ಆದ್ರೆ ಮದುವೆಯಾಗಿ ಹದಿನಾರು ವರ್ಷದಲ್ಲಿ, ಒಂದು ಮಾತು ಕೇಳಿ ನನ್ನ ಉತ್ತರಕ್ಕೆ ಅಂತ ನೀವು ಕಾದಿದ್ದು ಇದೇ ಮೊದಲು. ಇನ್ನೊಂದು ನಾಲ್ಕು ದಿನ ಇರಲಿ ಅನ್ನಿಸ್ತು" ಎಂದಳು. ನಾಳೆ ಗ್ಯಾರೇಜಿಗೆ ಅವಳೂ ಬರುತ್ತಾಳೆ, ಪಕ್ಕದ ಸೀಟಿನಲ್ಲಿ ಕೂರುತ್ತಾಳೆ. ಆದ್ದರಿಂದ ಮೇಲಿನ ವಿನಂತಿಗಳನ್ನೆಲ್ಲ ರದ್ದುಪಡಿಸಿ, ದಾರಿಯುದ್ದಕ್ಕೂ ದಯವಿಟ್ಟು ಬಾಯಿ ಮುಚ್ಚಿಕೊಂಡಿರಿ. ಅವಳು ಏನು ಹೇಳುತ್ತಾಳೋ ನನಗೆ ಕೇಳಿಸಬೇಕು.